ಒಣಮಡಿ

ನನ್ನ ಮೈಯಿಂದ ವಾಸನೆ ಬರುತ್ತಿತ್ತು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಎರಡು ಪುಟ ಸುತ್ತಿ ಬಳಸಿದರೂ ಆ ಮಾತಿಗೆ ಬರುವುದಿಲ್ಲ. ಬೆವರಿನ ವಾಸನೆಯಲ್ಲ. ಬೆವರು ಎಲ್ಲರಿಗೂ ಬರುತ್ತದೆ, ಜಳಕ ಮಾಡಿದರೆ ಹೋಗುತ್ತದೆ. ಇದು ಜಳಕ ಮಾಡಿ ಅರ್ಧ ತಾಸಿಗೆ ತಿರುಗಿ ಬರುತ್ತಿತ್ತು. ಎದೆಯ ಕೆಳಗೆ, ಹೊಟ್ಟೆ ಜೋತು ಬಿದ್ದಲ್ಲಿ, ತೊಡೆಯ ಸಂದಿಯಲ್ಲಿ, ಎಲ್ಲಿ ಮೈಗೆ ಮೈ ಹತ್ತಿಕೊಂಡಿರುತ್ತದೋ ಅಲ್ಲೆಲ್ಲ ಕೆಂಪಗೆ, ಹಸಿಯಾಗಿ, ಅಲ್ಲಲ್ಲಿ ಸೀಳು ಬಿಟ್ಟು. ಹುಳಿ ಹಿಡಿದ ಹಿಟ್ಟಿನ ವಾಸನೆ ಅಂದರೆ ಸುಮಾರು ಹತ್ತಿರ ಬರುತ್ತದೆ.

ನನ್ನ ಹೆಸರು ಕಸ್ತೂರಿ. ನಗುವವರು ಈಗಲೇ ನಕ್ಕುಬಿಡಿ. ವಯಸ್ಸು ನಲವತ್ತಾರು. ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ನಮ್ಮ ಮನೆಯವರದು ಕುಂಕುಮ, ಕಾಯಿ, ಕರ್ಪೂರದ ಅಂಗಡಿ. ದೇವಿಗೆ ತೂರುವ ಅರಿಶಿನ ಪುಡಿ, ಅಂದರೆ ಭಂಡಾರ, ಅದೂ ಚೀಲಗಟ್ಟಲೆ ಇರುತ್ತದೆ. ಅಂಗಡಿಯ ಹಿಂದೆ ಮನೆ. ಮನೆಯಲ್ಲಿ ನಾನು, ಅವರು, ನಮ್ಮ ಅತ್ತೆ, ಸವದತ್ತಿಗೆ ಕಾಲೇಜಿಗೆ ಹೋಗುವ ಮಗಳು ಸವಿತಾ. ಊದಿನಕಡ್ಡಿ, ಭಂಡಾರದ ವಾಸನೆ ನಮ್ಮ ಗೋಡೆಗೇ ಹಿಡಿದುಕೊಂಡಿದೆ. ಅದಕ್ಕೇ ನನ್ನದು ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಅದು ಉಪಕಾರವಾಯಿತೋ ಅಪಕಾರವಾಯಿತೋ ನಾನಿನ್ನೂ ತೀರ್ಮಾನ ಮಾಡಿಲ್ಲ.

ನಮ್ಮಲ್ಲಿ ಹುಣ್ಣಿಮೆಗೆ ಹುಣ್ಣಿಮೆ ಪಡ್ಡಲಗಿ ತುಂಬಿಸುತ್ತೇವೆ. ಪಡ್ಡಲಗಿ ಅಂದರೆ ಬಿದಿರಿನ ಬುಟ್ಟಿ. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಅನ್ನ, ಮೊಸರು, ಎಲ್ಲ ಅದರಲ್ಲಿ ಇಟ್ಟು ತಾಯಿಗೆ ಎಡೆ ತೋರಿಸಿ, ಐದು ಜನ ಮುತ್ತೈದೆಯರನ್ನು ಕೂರಿಸಿ ಉಣಿಸುವುದು. ಆ ಅಡುಗೆ ಹಸಿಮಡಿಯಲ್ಲೇ ಆಗಬೇಕು. ತಲೆಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯನ್ನೇ ಉಟ್ಟು, ಯಾರನ್ನೂ ಮುಟ್ಟದೆ ಒಲೆಯ ಮುಂದೆ ಕೂರಬೇಕು. ಸೀರೆ ಮೈಮೇಲೇ ಆರಬೇಕು. ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ಈ ಕೆಲಸವನ್ನು ನನ್ನ ಕೈಗೆ ಕೊಟ್ಟರು. ಮಂಗಳವಾರ, ಶುಕ್ರವಾರದ ಪೂಜೆಯನ್ನೂ ಕೊಟ್ಟರು. ಇಪ್ಪತ್ತಮೂರು ವರ್ಷ ಮಾಡಿದೆ. ಕಲಿತದ್ದು ಹತ್ತನೇ ಇಯತ್ತೆ, ದುಡಿದು ತಂದದ್ದು ಏನೂ ಇಲ್ಲ. ಪಡ್ಡಲಗಿಯೊಂದು ನನ್ನದು ಅಂತ ಇತ್ತು. ಸೊಸೆ ಬಂದ ವರ್ಷವೇ ಇಂಥದ್ದನ್ನು ಕೈಗೆ ಕೊಡುವ ಅತ್ತೆಯರು ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಹೆಮ್ಮೆಪಡುತ್ತಿದ್ದೆ.

ಸವಿತಾ ಹುಟ್ಟಿದ ಮೇಲೆ ಮೈ ಬಂತು. ಬಂದದ್ದು ಹೋಗಲಿಲ್ಲ. ಮೊದಲು ಬೇಸಿಗೆಯಲ್ಲಿ ಮಾತ್ರ ಎದೆಯ ಕೆಳಗೆ ಉರಿಯುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿದರೆ ಹೋಗುತ್ತಿತ್ತು. ಒಂದು ಬೇಸಿಗೆ ಎಷ್ಟು ಹಚ್ಚಿದರೂ ಹೋಗಲಿಲ್ಲ. ಒಗೆಯಲು ಹಾಕಿದ ಕುಪ್ಪಸ ಮೂಗಿಗೆ ಹಿಡಿದು ನೋಡಿದೆ. ಅದು ನನ್ನದೇ ಅಂತ ನಂಬಲಿಕ್ಕೆ ಇನ್ನೊಂದು ಕುಪ್ಪಸ ತೆಗೆದು ನೋಡಬೇಕಾಯಿತು.

ಇಲಿಯ ದಿನ ಬಂದದ್ದು ಆ ಬೇಸಿಗೆಯಲ್ಲೇ.

ಹುಣ್ಣಿಮೆ. ಐದು ಜನ ಅಡುಗೆಮನೆಯಲ್ಲಿ ಪಂಕ್ತಿ ಕುಳಿತಿದ್ದರು. ನಾನು ಬೆಳಗಿನಿಂದ ಒದ್ದೆಯಲ್ಲಿ ಒಲೆ ಮುಂದೆ ಇದ್ದು, ಬಡಿಸಲು ಬಗ್ಗಿ ಬಗ್ಗಿ ಓಡಾಡುತ್ತಿದ್ದೆ. ಪಕ್ಕದ ಮನೆಯ ಚಂದ್ರವ್ವ ಬಳೆ ಅಂಗಡಿಯವಳು, ಬಾಯಿ ದೊಡ್ಡದು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ನಾನು ಅವಳ ಎಲೆಗೆ ತುಪ್ಪ ಹಾಕುವಾಗ ಮೂಗು ಮೇಲೆತ್ತಿ ಅತ್ತೆಯ ಕಡೆ ನೋಡಿದಳು.

"ದೊಡ್ಡವ್ವಾ, ಏನೋ ವಾಸನಿ ಬರಾಕ ಹತ್ತೈತಲಾ. ಎಲ್ಲೋ ಇಲಿ ಸತ್ತೈತಿ ನೋಡ್ರಿ."

"ಹೌದವಾ, ನನಗೂ ಬಂತು" ಅಂದಳು ಇನ್ನೊಬ್ಬಳು.

"ಪಡ್ಡಲಗಿ ದಿನಾನ ಸಾಯಬೇಕಾ ಅದು? ಅದಕ್ಕೂ ಹೋಳಗಿ ಬೇಕಾಗಿತ್ತೇನೋ!" ಅಂದಳು ಚಂದ್ರವ್ವ.

ಎಲ್ಲರೂ ನಕ್ಕರು. ನಗುತ್ತಲೇ ಎದ್ದು ಹುಡುಕಿದರು. ಜೋಳದ ಡಬ್ಬಿ ಸರಿಸಿದರು, ಕಟ್ಟಿಗೆಯ ಮೂಲೆ ಕೆದಕಿದರು. ಎಲ್ಲರಿಗಿಂತ ಹೆಚ್ಚು ಹುಡುಕಿದವರು ಅತ್ತೆ. ಎಪ್ಪತ್ತು ದಾಟಿದ ಜೀವ, ಹಿಟ್ಟಿನ ಪೀಪಾಯಿಯನ್ನು ಒಬ್ಬರೇ ಎಳೆದರು. ನಾನೂ ಹುಡುಕಿದೆ. ಇಲಿ ಇಲ್ಲ ಅಂತ ಗೊತ್ತಿದ್ದೂ ಮಂಡಿಯೂರಿ ಗೂಡಿನೊಳಗೆ ಕೈ ಹಾಕಿ ನೋಡಿದೆ. ನಾನು ಗೂಡಿನ ಹತ್ತಿರ ಹೋದಾಗ "ಹಾಂ, ಅಲ್ಲೇ ಅಲ್ಲೇ, ಅಲ್ಲಿಂದನ ಬರತೈತಿ" ಅಂದಳು ಚಂದ್ರವ್ವ.

ಸಿಗಲಿಲ್ಲ. ಊದಿನಕಡ್ಡಿ ಹಚ್ಚಿದರು. ಉಂಡು ಹೋದರು.

ಮುಂದಿನ ಹುಣ್ಣಿಮೆಗೆ "ಸೊಂಟ ಹಿಡದೈತ್ರಿ ಅತ್ತಿ" ಅಂದೆ. ಅತ್ತೆ ನನ್ನ ಮುಖ ನೋಡಿ, ತಾವೇ ಒದ್ದೆ ಸೀರೆ ಉಟ್ಟು ಒಲೆ ಮುಂದೆ ಕುಳಿತರು. ನಾನು ಅಂಗಡಿಯಲ್ಲಿ ಕುಂಕುಮದ ಪೊಟ್ಟಣ ಕಟ್ಟುತ್ತ ಕುಳಿತೆ. ಒಳಗೆ ತಾಯಿಗೆ "ಉಧೋ ಉಧೋ" ಅಂದದ್ದು ಕೇಳಿಸಿತು. ಅಲ್ಲಿಂದಲೇ ಕೈ ಮುಗಿದೆ. ಹಾಗೆ ಐದು ಹುಣ್ಣಿಮೆ ಹೋದವು.

ಈ ಐದು ತಿಂಗಳಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ, ನೀವೂ ಮಾಡುತ್ತಿರಬಹುದು. ನಾರುತ್ತಿದೆ ಅಂದರೆ ಕೊಳಕು ಅಂದುಕೊಂಡೆ. ಕೊಳಕಿಗೆ ಮಡಿಯೇ ಮದ್ದು ಅಂದುಕೊಂಡೆ. ದಿನಕ್ಕೆ ನಾಲ್ಕು ಸಲ ಜಳಕ. ಪೂಜೆ ಮಂಗಳವಾರ, ಶುಕ್ರವಾರ ಮಾತ್ರ ಇದ್ದದ್ದನ್ನು ದಿನಾ ಮಾಡಿದೆ, ದಿನಾ ಹಸಿಮಡಿ. ಬೇವಿನೆಲೆ ಕುದಿಸಿದ ನೀರು ಸುರಿದುಕೊಂಡೆ. ಗುಡ್ಡದ ತಾಯಿಯ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಸಂದಿಗೆಲ್ಲ ತುಂಬಿದೆ. ಅದು ಹಳದಿ ಕೆಸರಾಗಿ ಅಲ್ಲೇ ಹೆಪ್ಪುಗಟ್ಟಿತು. ಮೆಡಿಕಲ್ ಅಂಗಡಿಯಿಂದ ಯಾರನ್ನೂ ಕೇಳದೆ ಒಂದು ಟ್ಯೂಬು ತಂದೆ. ನಾಲ್ಕು ದಿನದಲ್ಲಿ ತಣ್ಣಗಾಯಿತು, ತಾಯಿಗೆ ಕಾಯಿ ಒಡೆದೆ. ಹತ್ತನೇ ದಿನಕ್ಕೆ ಎರಡು ಪಟ್ಟಾಗಿ ಬಂತು.

ಮೇಲೆ ಪೌಡರು ಎರಚಿಕೊಳ್ಳುತ್ತಿದ್ದೆ. ಚಂದ್ರವ್ವ ಒಂದು ದಿನ ಅಂಗಡಿ ಕಟ್ಟೆಯ ಮೇಲೆ ಕುಳಿತು, "ಇತ್ತಿತ್ಲಾಗ ಹೆಸರಿಗೆ ತಕ್ಕಂಗ ಘಮಾಡಸಾಕ ಹತ್ತಿಯಲ್ಲ ಕಸ್ತೂರಿ! ಏನ, ನಮ್ಮ ಅಣ್ಣಗ ಹೊಸಾ ಮದುವಿ ಮಾಡಿಯೇನು?" ಅಂದಳು. ನಮ್ಮ ಮನೆಯವರು ತಲೆ ಎತ್ತದೆ ಕಾಯಿ ಎಣಿಸಿದರು. ಅವರು ಆಗಲೇ ಮಲಗುವ ಹೊರಸನ್ನು ಕಟ್ಟೆಗೆ ಒಯ್ದು ಎರಡು ತಿಂಗಳಾಗಿತ್ತು. "ಒಳಗ ಸೆಕಿ ಭಾಳ" ಅಂದಿದ್ದರು. ಬೇರೆ ಒಂದು ಮಾತು ಅಂದವರಲ್ಲ. ಸೆಕೆ ಮುಗಿದು ಮಳೆ ಬಂದಾಗಲೂ ಹೊರಸು ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ರೇಣುಕವ್ವನಿಗೂ, ಅಂದರೆ ನಮ್ಮ ಯಲ್ಲಮ್ಮನಿಗೂ, ಗಂಡನ ಶಾಪದಿಂದ ಮೈ ಕೆಟ್ಟಿತ್ತು, ಜೋಗುಳಬಾವಿಯಲ್ಲಿ ಮಿಂದು ವಾಸಿಯಾದಳು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅತ್ತೆ ಸವಿತಾಳಿಗೆ ಆ ಕಥೆ ನೂರು ಸಲ ಹೇಳಿದ್ದಾರೆ. ನಾನು ಪೂಜೆಗೆ ಕುಳಿತಾಗ ಅದನ್ನೇ ನೆನೆಯುತ್ತಿದ್ದೆ. ನಿನಗೂ ಆಗಿತ್ತಲ್ಲ ತಾಯಿ, ನಿನಗೆ ಗೊತ್ತಿದೆಯಲ್ಲ. ಅಷ್ಟೇ ಪ್ರಾರ್ಥನೆ. ವಾಸಿ ಮಾಡು ಅಂತ ಕೂಡ ಕೇಳುತ್ತಿರಲಿಲ್ಲ.

ಸವಿತಾ ನನ್ನ ಗುಟ್ಟು ಹಿಡಿದದ್ದು ಒಣಹಾಕಿದ ಅರಿವೆಯಿಂದ. ಹಳೆಯ ಪಂಜೆಯನ್ನು ಹರಿದು ಅಂಗೈ ಅಗಲದ ತುಂಡು ಮಾಡಿ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ತೊಳೆದು, ಯಾರಿಗೂ ಕಾಣದಂತೆ ಸೀರೆಯ ಅಡಿಗೆ ಒಣಹಾಕುತ್ತಿದ್ದೆ. ಬಿಸಿಲೇ ಕಾಣದೆ ಅವೂ ಒಣಗುತ್ತಿರಲಿಲ್ಲ. ಸವಿತಾ ಸೀರೆ ಎಳೆದಾಗ ಹದಿನೈದು ತುಂಡು ಉದುರಿದವು, ಅರಿಶಿನದ ಕಲೆ, ನೆತ್ತರಿನ ಕಲೆ.

"ಯವ್ವಾ, ಇದೇನ ಇದು?"

"ಒಲಿ ಮಸಿ ಅರಬಿ."

"ಒಲಿ ಮಸಿ ಹಳದಿ ಯಾವಾಗ ಆತು?"

ಅವಳು ಒಂದನ್ನು ಎತ್ತಿ ಮೂಗಿನ ಹತ್ತಿರ ಒಯ್ದಳು. ನಾನು ಕಸಿದುಕೊಂಡೆ. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಕಡಿಮೆ. "ನಾ ಸಣ್ಣಾಕಿದ್ದಾಗ ನೀ ನನ್ನ ಎಷ್ಟ ಅರಬಿ ತೊಳದೀ? ನಾ ಒಂದ ಮೂಸಿದ್ರ ಏನಾತು?" ಅಂದಳು. ಆಮೇಲೆ ಇಬ್ಬರೂ ಕೂಡಿ ಆ ತುಂಡುಗಳನ್ನು ಬಿಸಿಲಿಗೆ ಹಾಕಿದೆವು.

ಸವದತ್ತಿಯಲ್ಲಿ ಎಲ್ಲರೂ ಪರಿಚಯ. ಅದಕ್ಕೆ ಬೈಲಹೊಂಗಲದ ಚರ್ಮದ ಡಾಕ್ಟರ ಹತ್ತಿರ ಹೋಗುವುದು ಅಂತಾಯಿತು. ಬಸ್ಸಿನಲ್ಲಿ ಕಿಟಕಿ ಹಿಡಿದು ಕುಳಿತೆ. ನಮ್ಮ ಸೀಟಿನ ಮೂರನೇ ಜಾಗಕ್ಕೆ ಒಬ್ಬ ಮುದುಕಿ ಬಂದು, ಒಂದು ಚೀಲ ಹಸಿ ಬೆಳ್ಳುಳ್ಳಿಯನ್ನು ನಮ್ಮ ಕಾಲಿನ ಹತ್ತಿರ ಇಟ್ಟಳು. ಸುತ್ತಲಿನ ಸೀಟುಗಳಲ್ಲಿದ್ದವರೆಲ್ಲ ಮೂಗು ಹಿಡಿದುಕೊಂಡು ಆ ಚೀಲವನ್ನೇ ಬೈದರು. "ಕಾಲಾಗ ಇಟ್ಟೇನಿ, ಬ್ಯಾನಿ ಆಗತೈತೇನ ಬೇ?" ಅಂದಳು ಮುದುಕಿ. "ಇರಲಿ ಇರಲಿ, ಇನ್ನಷ್ಟ ಹತ್ರ ಇಡ್ರಿ" ಅಂದೆ. ಆ ಬೆಳ್ಳುಳ್ಳಿ ಕಳಿಸಿದ್ದು ಗುಡ್ಡದ ತಾಯಿಯೇ ಅಂತ ಇವತ್ತಿಗೂ ನಂಬಿದ್ದೇನೆ.

ದವಾಖಾನೆಯಲ್ಲಿ ಕಾಯುವ ಜಾಗ ಸಣ್ಣದು, ಫ್ಯಾನು ಒಂದೇ. ಫ್ಯಾನಿನ ಗಾಳಿ ನನ್ನನ್ನು ದಾಟಿ ಬೇರೆಯವರ ಕಡೆ ಹೋಗದಂತೆ ಲೆಕ್ಕ ಹಾಕಿ ಗೋಡೆ ಬದಿಯ ಕೊನೆಯ ಕುರ್ಚಿ ಹಿಡಿದೆ. ಸವಿತಾ ಹೆಸರು ಬರೆಸಲು ನಿಂತಿದ್ದಳು. ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು ಬಂದು, ನನ್ನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕುಳಿತಳು. ಇವಳಿಗೂ ತಿಳಿಯಿತು ಅಂತ ಸೆರಗು ಬಿಗಿ ಮಾಡಿಕೊಂಡೆ. ಜನ ಹೆಚ್ಚಾದರು. ಒಬ್ಬ ಅಜ್ಜನಿಗೆ ಜಾಗ ಬೇಕಾಗಿ ಅವಳು ನನ್ನ ಕಡೆ ಸರಿಯಲೇಬೇಕಾಯಿತು.

"ಸಿಟ್ಟಾಗಬ್ಯಾಡ್ರಿ ಯಕ್ಕಾ" ಅಂದಳು ಮೆಲ್ಲಗೆ. "ನನ್ನ ಮೈ ಸ್ವಲ್ಪ ವಾಸನಿ ಬರತೈತಿ. ಅದಕ್ಕ ದೂರ ಕುಂತಿದ್ದೆ."

"ನಂದೂ ಬರತೈತ್ರಿ" ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗುರುತಿಲ್ಲದವಳ ಮುಂದೆ.

ಅವಳು ನನ್ನನ್ನು ನೋಡಿದಳು. "ಹೌದೇನ್ರಿ? ನನಗೇನೂ ಬರವಲ್ದು."

"ನನಗೂ ನಿಮ್ಮದು ಬರವಲ್ದು."

"ಹಂಗಾರ ಇಬ್ರೂ ಅರಾಮ ಕುಂದ್ರೂಣ ತಗೋರಿ" ಅಂದು ಕುರ್ಚಿಗೆ ಒರಗಿದಳು. ಕಿತ್ತೂರಿನವಳು, ಸಾಲಿಯಲ್ಲಿ ಬಿಸಿಯೂಟ ಮಾಡುವವಳು. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೇನೋ ಅಂತ ತಾನು ಬಡಿಸುವುದನ್ನು ಬಿಟ್ಟು ಒಲೆಯ ಕಡೆಯೇ ಇರುತ್ತೇನೆ ಅಂದಳು. ನಾನು ಒಲೆ ಬಿಟ್ಟು ಹೊರಗೆ ಇರುತ್ತೇನೆ ಅಂದೆ. ಅವಳ ಹೆಸರು ಕೇಳಲಿಲ್ಲ. ಅಲ್ಲಿ ಕುಳಿತ ಒಂದು ತಾಸಿನಲ್ಲಿ ನಾನು ಐದು ತಿಂಗಳಲ್ಲಿ ಆಡದಷ್ಟು ಮಾತಾಡಿದೆ. ಇದನ್ನು ಬರೆಯಲು ಕುಳಿತದ್ದೂ ಆ ಕುರ್ಚಿಯ ನೆನಪಿನಿಂದ.

ಡಾಕ್ಟರು ಹೆಣ್ಣುಮಗಳು. ಇಲ್ಲದಿದ್ದರೆ ಬಾಗಿಲಿನಿಂದಲೇ ತಿರುಗುತ್ತಿದ್ದೆ. ಮೈಸೂರ ಕಡೆಯ ಮಾತು.

"ಎಲ್ಲಿ ತೊಂದರೆ ಅಮ್ಮ?"

"ಸಂದ್ಯಾಗ್ರಿ."

"ಯಾವ ಸಂದಿ?"

"ಎಲ್ಲಾ ಸಂದ್ಯಾಗೂ ರೀ."

ಪರದೆಯ ಹಿಂದೆ ಮಲಗಿಸಿ, ಬ್ಯಾಟರಿ ಹಿಡಿದು, ಬಗ್ಗಿ ನೋಡಿದರು. ಮಾಸ್ಕು ಗದ್ದದ ಕೆಳಗೆ ಇತ್ತು. ಈಗ ಮೇಲೆ ಎಳೆದುಕೊಳ್ಳುತ್ತಾರೆ ಅಂತ ಅವರ ಕೈಯನ್ನೇ ನೋಡುತ್ತಿದ್ದೆ. ಎಳೆದುಕೊಳ್ಳಲಿಲ್ಲ. ಬೇಕಾದಷ್ಟು ಹೊತ್ತು ನೋಡಿದರು.

ಮೇಜಿನ ಹತ್ತಿರ ಬಂದು ಬರೆಯುತ್ತ ಕೇಳಿದರು. "ಮಡಿಕೆ ಯಾವಾಗಲೂ ಒದ್ದೆಯಾಗೇ ಇರುತ್ತಾ?"

ಡಾಕ್ಟರು ಅಂದ ಮೇಲೆ ಊಟದ್ದು ಕೇಳುತ್ತಾರಲ್ಲ, ಹಾಗೆ ಅಂದುಕೊಂಡೆ. ನಮ್ಮಲ್ಲಿ ಮಡಕಿ ಅಂದರೆ ಕಾಳು, ಮೊಳಕೆ ಬರಿಸಿ ಪಲ್ಯ ಮಾಡುತ್ತೇವೆ.

"ಒಂದಿನ ಒದ್ದಿ ಇರ್ತಾವ್ರಿ. ಅರಬ್ಯಾಗ ಕಟ್ಟಿಡತೇನಿ."

"ಬಟ್ಟೆಯಲ್ಲಿ ಕಟ್ತೀರಾ? ಯಾಕೆ?"

"ಮತ್ತ ಮೊಳಕಿ ಬರಬೇಕಲ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸವಿತಾ ಹಣೆ ಹಿಡಿದುಕೊಂಡಳು. "ಯವ್ವಾ, ಮಡಕಿ ಕಾಳಲ್ಲ! ಮೈ ಮಡಚಿದ ಜಾಗಾ, ಅದಕ್ಕ ಮಡಿಕೆ ಅಂತಾರ."

ಡಾಕ್ಟರು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಅವರು, "ಇಲ್ಲ ಅಮ್ಮ, ಅದನ್ನೇ ಹೇಳಿ. ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗೆ ಇಟ್ಟರೆ ಮೊಳಕೆ ಬರುತ್ತೆ. ಮರೆತು ನಾಲ್ಕು ದಿನ ಹಾಗೇ ಬಿಟ್ಟರೆ?" ಅಂದರು.

ಅವರು ಕಾದರು.

"ಬೂಷ್ಟ ಹಿಡಿತಾವ್ರಿ. ನಾರತಾವ."

"ಯಾರಾದರೂ ಆ ಕಾಳನ್ನ ಕೊಳಕು ಕಾಳು ಅಂತಾರಾ?"

"ಇಲ್ರಿ. ಕಟ್ಟಿ ಮರತಾಕಿದು ತಪ್ಪು."

"ನಿಮ್ಮ ಮೈಗೆ ಆಗಿರೋದು ಅಷ್ಟೇ. ಕೊಳಕಲ್ಲ. ಒದ್ದೆ."

ಆಗ ಹಸಿಮಡಿಯ ವಿಷಯ ಹೇಳಿದೆ. ನಾಲ್ಕು ಜಳಕ, ಒದ್ದೆ ಸೀರೆ, ಪಡ್ಡಲಗಿ, ಭಂಡಾರ, ಟ್ಯೂಬು, ಎಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. "ದೇವರ ವಿಷಯ ನಾನು ಹೇಳಲ್ಲ. ಚರ್ಮಕ್ಕೆ ಒಣ ಬಟ್ಟೆ ಬೇಕು, ಅದು ನನ್ನ ವಿಷಯ. ಎರಡನ್ನೂ ಹೊಂದಿಸೋದು ನಿಮಗೇ ಗೊತ್ತಿರುತ್ತೆ" ಅಂದರು. ಬೆರಳು ಚುಚ್ಚಿ ನೋಡಿ, ಸಕ್ಕರೆಯೂ ಏರಿದೆ ಅಂದರು. ಅದು ಬೇರೆ ಗುಳಿಗೆ, ಬೇರೆ ಕಥೆ. ಇದಕ್ಕೆ ಒಂದು ಮುಲಾಮು, ಒಂದು ಪುಡಿ, ವಾರಕ್ಕೊಂದು ಗುಳಿಗೆ. ಜಳಕ ಒಂದೇ ಸಲ, ಹೆಚ್ಚೆಂದರೆ ಎರಡು. ಉಜ್ಜದೆ ಒತ್ತಿ ಒರೆಸುವುದು, ಸಂದಿ ಎತ್ತಿ ಗಾಳಿಗೆ ಹಿಡಿಯುವುದು, ಪೂರ್ತಿ ಆರಿದ ಮೇಲೆ ಅರಿವೆ ಹಾಕುವುದು. ಇಷ್ಟೇ. ಇಷ್ಟಕ್ಕೆ ಐದು ಹುಣ್ಣಿಮೆ.

ಮನೆಗೆ ಬಂದು ಸವಿತಾ ಅಪ್ಪನಿಗೆ ಎಷ್ಟು ಹೇಳಿದಳೋ ಗೊತ್ತಿಲ್ಲ. ಎರಡು ದಿನದ ಮೇಲೆ ನಾನು ಸೀರೆ ಉಡುವ ಸಣ್ಣ ಖೋಲಿಯ ಗೋಡೆಗೆ ಒಂದು ಫ್ಯಾನು ಬಂತು. ಮೇಲೆ ಎತ್ತರಕ್ಕಲ್ಲ, ಹೊಟ್ಟೆಯ ಎತ್ತರಕ್ಕೆ. ವೈರು ಜೋಡಿಸುತ್ತ ನನ್ನ ಕಡೆ ತಿರುಗದೆ, "ಗಾಳಿ ಸರಿ ಬಡಿತೈತೇನ ನೋಡ" ಅಂದರು. ಬಡಿಯುತ್ತಿತ್ತು. "ಹೂಂ" ಅಂದೆ.

ಎರಡು ವಾರಕ್ಕೆ ಉರಿ ಹೋಯಿತು. ನಾಲ್ಕನೇ ವಾರಕ್ಕೆ ಕೆಂಪು ಹೋಯಿತು, ಕಲೆ ಉಳಿಯಿತು. ಕುಪ್ಪಸ ಮೂಗಿಗೆ ಹಿಡಿದೆ. ಸಾಬೂನಿನ ವಾಸನೆ ಇತ್ತು. ಮತ್ತೊಮ್ಮೆ ಹಿಡಿದೆ. ಹೊರಸು ಒಂದು ದಿನ ಒಳಗೆ ಬಂತು, ಹೊರಗೆ ಥಂಡಿ ಅಂತ ಕಾರಣ ಹೇಳಿಕೊಂಡು.

ಆ ತಿಂಗಳ ಹುಣ್ಣಿಮೆ ಹತ್ತಿರ ಬಂದಾಗ ಅತ್ತೆಗೆ ಹೇಳಿದೆ. "ಅತ್ತಿ, ಈ ಹುಣ್ವಿಗೆ ನಾನ ಪಡ್ಡಲಗಿ ಅಡಗಿ ಮಾಡತೇನ್ರಿ. ಆದ್ರ ಹಸಿಮಡಿ ಬ್ಯಾಡ. ಒಣಮಡಿಯಿಂದ ಮಾಡತೇನಿ. ಹಿಂದಿನ ದಿನಾ ಸೀರಿ ಹಿಂಡಿ ಮ್ಯಾಲ ಗಳಕ್ಕ ಹಾಕತೇನಿ, ಯಾರೂ ಮುಟ್ಟೂದಿಲ್ಲ, ಕೋಲಿಲೆ ತಗದ ಉಟಗೋತೇನಿ."

"ಒಣಾ ಸೀರಿ ಉಟ್ಟು? ಅದ್ಯಾವ ಮಡಿ? ಬಾಜಾರಕ್ಕ ಹೊಂಟಂಗ."

"ಡಾಕ್ಟರು ಹೇಳ್ಯಾರ್ರಿ."

"ಡಾಕ್ಟರು ಬಂದ ಪಡ್ಡಲಗಿ ತುಂಬಸ್ತಾರೇನು?"

ಅಂಗಡಿಯಿಂದ ನಮ್ಮ ಮನೆಯವರು ಕೂಗಿದರು. "ಯವ್ವಾ, ಪಸಿ ಹಿಡದ ಭಂಡಾರ ಯಾರರ ಮುಟ್ಟತಾರೇನು? ಒಣಾ ಇದ್ರನ ದೇವ್ರಿಗೆ."

"ನೀ ನಿನ್ನ ಅಂಗಡಿ ನೋಡ."

ನನಗೆ ಎಲ್ಲಿಂದ ಧೈರ್ಯ ಬಂತೋ. "ರೇಣುಕವ್ವ ಬಾವ್ಯಾಗ ಮಿಂದ್ಲು ಅಂತ ನೀವ ಕತಿ ಹೇಳೀರಿ ಅತ್ತಿ. ಮಿಂದ ಮ್ಯಾಲ ಒದ್ದ್ಯಾಗ ಕುಂತ್ಲು ಅಂತ ಎಂದರ ಹೇಳೀರೇನ್ರಿ?"

"ಬೈಲಹೊಂಗಲಕ್ಕ ಹೋಗಿ ಬಂದ ಮ್ಯಾಲ ಬಾಯಿ ಭಾಳ ಬಂದೈತಿ" ಅಂದು ಅತ್ತೆ ಎದ್ದರು.

ಆ ಹುಣ್ಣಿಮೆಗೂ ಅವರೇ ಒದ್ದೆ ಉಟ್ಟು ಕುಳಿತರು. ನಾನು ಹೊರಗೆ ಉಳಿದೆ. ಮೈ ವಾಸಿಯಾಗಿಯೂ ಹೊರಗೇ ಉಳಿಯಬೇಕಾಯಿತಲ್ಲ ಅಂತ ಅವತ್ತು ಮಾತ್ರ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನ ಎಲ್ಲ ಮುಗಿದು ಅತ್ತೆ ಹಿತ್ತಲಿಗೆ ಹೊರಟರು. ಗೋಡೆ ಹಿಡಿದು, ಕಾಲು ಅಗಲಿಸಿ, ರಾಡಿ ದಾಟುವವರ ಹಾಗೆ ಒಂದೊಂದೇ ಹೆಜ್ಜೆ. ಮಂಡಿನೋವು ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಆದರೆ ಆ ನಡಿಗೆ ನನಗೆ ಗೊತ್ತು. ತೊಡೆಗೆ ತೊಡೆ ತಾಗದಂತೆ ನಡೆಯುವ ನಡಿಗೆ ಅದು. ಐದು ತಿಂಗಳು ನಾನೇ ಹಾಗೆ ನಡೆದಿದ್ದೆ.

ಮರುದಿನ ಮನೆಯಲ್ಲಿ ಇಬ್ಬರೇ ಇದ್ದೆವು. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದರು.

"ಅತ್ತಿ, ನಿಮಗೂ ಐತಿ" ಅಂದೆ.

"ಏನು?"

"ಸಂದ್ಯಾಗ."

ಹರಳು ಆರಿಸುವ ಕೈ ನಿಲ್ಲಲಿಲ್ಲ. "ನಿನ್ನ ಗಂಡ ಹುಟ್ಟಿದಾಗಿಂದ" ಅಂದರು. "ನಿಮ್ಮ ಮಾವ ಒಮ್ಮೆ ಹೊಲದಾಗ ಬುತ್ತಿ ಉಣ್ಣಾಕ ಕುಂತಾಗ ಅಂದ್ರು, ಸ್ವಲ್ಪ ಅತ್ತಾಗ ಸರಿ ಅಂತ. ಸರದೆ. ಮತ್ತ ಹತ್ರ ಹೋಗಲಿಲ್ಲ. ಅವರೂ ಕರೀಲಿಲ್ಲ."

"ಯಾರ ಮುಂದೂ ಹೇಳಲಿಲ್ಲೇನ್ರಿ?"

"ಯಾರ ಮುಂದ ಹೇಳೂದು? ಗುಡ್ಡದ ತಾಯಿ ಮುಂದ ಹೇಳಿದೆ." ಅಕ್ಕಿಯನ್ನು ಒಮ್ಮೆ ಕೇರಿದರು. "ಒದ್ದಿ ಉಟ್ಟ ಕುಂತ್ರ ಜೀವ ಹೋಗತಿತ್ತ. ಅದಕ್ಕ ನೀ ಬಂದ ವರ್ಷಾನ ಪಡ್ಡಲಗಿ ನಿನ್ನ ಕೈಯಾಗ ಕೊಟ್ಟೆ."

ನನ್ನ ಹೆಮ್ಮೆ ಎಲ್ಲಿಂದ ಬಂದದ್ದು ಅಂತ ಹಾಗೆ ತಿಳಿಯಿತು. ಬೇಸರವಾಗಲಿಲ್ಲ. ಒಂದೇ ಒದ್ದೆ ಸೀರೆಯನ್ನು ಅವರಿಂದ ನಾನು ತೆಗೆದುಕೊಂಡಿದ್ದೆ, ಐದು ತಿಂಗಳು ತಿರುಗಿ ಅವರಿಗೇ ಉಡಿಸಿದ್ದೆ, ಅಷ್ಟೇ.

"ಇಲಿ ಹುಡಿಕಿದ್ರಲ್ಲ, ಅವತ್ತ" ಅಂದರು ಅತ್ತೆ, "ನಂದ ವಾಸನಿ ಅಂತ ತಿಳದಿದ್ದೆ ನಾ."

ಪೀಪಾಯಿ ಎಳೆದದ್ದು ನೆನಪಾಯಿತು. ಇಬ್ಬರೂ ಇಲ್ಲದ ಇಲಿಯನ್ನು ಎಷ್ಟು ಮನಸ್ಸಿಟ್ಟು ಹುಡುಕಿದ್ದೆವು. ಮೊದಲು ಅತ್ತೆಗೆ ನಗು ಬಂತು. ಅಕ್ಕಿ ಚೆಲ್ಲಿತು.

"ಆ ಡಾಕ್ಟರು ಹೆಣ್ಣಮಗಳೇನು?" ಅಂತ ಕೇಳಿದರು ಅಕ್ಕಿ ಬಳಿಯುತ್ತ.

"ಹೌದ್ರಿ."

"ಮೂಗ ಮುಚಗೊಳ್ಳೂದಿಲ್ಲೇನು?"

"ಇಲ್ರಿ."

"ಹಂಗಾರ ಬರತೇನಿ."

ನನ್ನದು ಪೂರ್ತಿ ಹೋಯಿತು ಅಂತ ಹೇಳಲಾರೆ. ಬೆವರಿದ ದಿನ, ಮೈಮರೆತ ವಾರ ಎದೆಯ ಕೆಳಗೆ ಸಣ್ಣಗೆ ಸುದ್ದಿ ಕೊಡುತ್ತದೆ. ಪುಡಿ ಹಚ್ಚುತ್ತೇನೆ, ಫ್ಯಾನಿನ ಮುಂದೆ ನಿಲ್ಲುತ್ತೇನೆ. ಈಗ ಆ ಖೋಲಿಗೆ ಬೆಳಿಗ್ಗೆ ಪಾಳಿ. ಮೊದಲು ಅತ್ತೆ, ಆಮೇಲೆ ನಾನು.

ಮುಂದಿನ ಹುಣ್ಣಿಮೆಯ ಹಿಂದಿನ ದಿನ ನಾನು ಸೀರೆ ಹಿಂಡಿ ಗಳಕ್ಕೆ ಹಾಕಲು ಕೋಲು ಹಿಡಿದಿದ್ದೆ. ಕೇಳಿರಲಿಲ್ಲ, ಬಿಡುತ್ತಾರೋ ಬೈಯುತ್ತಾರೋ ನೋಡೋಣ ಅಂತಿದ್ದೆ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ತಮ್ಮ ಸೀರೆಯನ್ನು ನನ್ನ ಕಡೆ ಚಾಚಿದರು.

"ಇದನ್ನೂ ಹಾಕ. ಗಳಾ ಉದ್ದ ಐತಿ."

ಎರಡೂ ಹಾಕಿದೆ. ಗಾಳಿಗೆ ಒಂದಕ್ಕೊಂದು ತಾಗದಂತೆ ನಡುವೆ ಜಾಗ ಬಿಟ್ಟೆ. ಸಂಜೆಯೊಳಗೆ ಗರಿಗರಿ ಆರಿದ್ದವು.

ಬೆಳಿಗ್ಗೆ ಆ ಸೀರೆ ಉಟ್ಟು ಒಲೆ ಹಚ್ಚಿದೆ. ಹೂರಣ ರುಬ್ಬಿದೆ. ಪಡ್ಡಲಗಿಗೆ ಭಂಡಾರ ಹಚ್ಚಿ ಎಲೆ ಹಾಸಿ ತುಂಬಿದೆ. ಕೈ ಮರೆತಿರಲಿಲ್ಲ. ತಾಯಿಗೆ ಎಡೆ ತೋರಿಸಿ ಐದು ಜನರಿಗೆ ಬಡಿಸಬೇಕು ಅನ್ನುವಾಗ ನಾಲ್ಕೇ ಜನ ಬಂದಿದ್ದರು. "ಐದನೇದಾಕಿ ನೀನ ಕುಂದರ, ನಾ ಬಡಸತೇನಿ" ಅಂದರು ಅತ್ತೆ. ಚಂದ್ರವ್ವನ ಪಕ್ಕದಲ್ಲಿ ಎಲೆ ಖಾಲಿ ಇತ್ತು. ಕುಳಿತೆ. ಸಣ್ಣ ಅಡುಗೆಮನೆ, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಚಂದ್ರವ್ವ ಮೂಗು ಮೇಲೆತ್ತಿದಳು. ನನ್ನ ಕೈ ಅನ್ನದಲ್ಲೇ ನಿಂತಿತು.

"ಯಾಲಕ್ಕಿ ಭಾಳ ಹಾಕಿಯಲ್ಲ ಕಸ್ತೂರಿ, ಓಣಿ ತನಾ ವಾಸನಿ" ಅಂದಳು. ಆಮೇಲೆ ಏನೋ ನೆನಪಾಗಿ ಅತ್ತೆಯ ಕಡೆ ತಿರುಗಿದಳು. "ದೊಡ್ಡವ್ವಾ, ಅವತ್ತ ಆ ಇಲಿ ಸಿಕ್ಕತೇನ್ರಿ ಕಡೀಕೆ?"

ಅತ್ತೆ ಅವಳ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದರು. ಧಾರೆ ನಿಲ್ಲಲಿಲ್ಲ.

"ಸಿಕ್ಕತ ಸಿಕ್ಕತ."

"ಎಲ್ಲಿತ್ರಿ?"

"ಒದ್ದಿ ಅರಬ್ಯಾಗ ಸೇರ್ಕೊಂಡಿತ್ತವಾ. ಒಂದಲ್ಲ, ಎರಡ ಇದ್ದೂ" ಅಂದರು ಅತ್ತೆ. "ಬಿಸಲಿಗೆ ಹಾಕಿದ್ವಿ, ಹೋದೂ."